ಪ್ಲಾಸ್ಟರ್ ದವಡೆಗೆ ರಕ್ತ ಬರುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಟ್ಯೂಬ್‌ಲೈಟು ನಾಲ್ಕಾರು ಸಲ ಕಣ್ಣು ಮಿಟುಕಿಸಿ, ಒಲ್ಲದ ಮನಸ್ಸಿನಿಂದ ಹೊತ್ತಿಕೊಳ್ಳುತ್ತದೆ. ಹಲ್ಲಣ್ಣ ಅಂಗಿಯ ತೋಳು ಮಡಚಿ, ರಬ್ಬರ್ ಬಟ್ಟಲಿಗೆ ನೀರು ಹುಯ್ದು, ಕೂಸಿನ ಮೈಗೆ ಪೌಡರ್ ಹಾಕುವಷ್ಟು ನಯವಾಗಿ ಪ್ಲಾಸ್ಟರ್ ಪುಡಿ ಉದುರಿಸುತ್ತಾರೆ. ಕಲಸುತ್ತಾರೆ. ಗುಳ್ಳೆ ಉಳಿಯದಂತೆ ಗಡಗಡ ನಡುಗುವ ಪುಟ್ಟ ಯಂತ್ರದ ಮೇಲೆ ಬಟ್ಟಲನ್ನು ಒತ್ತಿ ಹಿಡಿಯುತ್ತಾರೆ. ಆಮೇಲೆ, ಯಾರದೋ ಬಾಯಿಂದ ತೆಗೆದ ಅಚ್ಚಿನೊಳಗೆ ಅದನ್ನು ಹನಿಹನಿಯಾಗಿ ಇಳಿಸುತ್ತಾರೆ. ಅದು ಗಟ್ಟಿಯಾದ ಮೇಲೆ ಅಚ್ಚಿನಿಂದ ಒಂದು ದವಡೆ ಹೊರಬರುತ್ತದೆ. ಬಿಳಿಚಿಕೊಂಡ, ನಾಲಿಗೆಯಿಲ್ಲದ, ಯಾರನ್ನೂ ಬೈಯಲಾಗದ ದವಡೆ.

ಗೋಡೆಯುದ್ದಕ್ಕೂ ಅಂಥವು ಸಾಲಾಗಿ ಹಲ್ಲು ಕಿರಿದುಕೊಂಡು ಕೂತಿವೆ. ಪೇಪರ್ ಹಾಕುವವನು ಒಮ್ಮೆ ಬಾಗಿಲು ತೆರೆದಿದೆಯೆಂದು ತಲೆ ತೂರಿಸಿದ್ದ. ಅರೆಗತ್ತಲಲ್ಲಿ ಅಷ್ಟೂ ದವಡೆಗಳು ತನ್ನನ್ನೇ ನೋಡಿ ನಕ್ಕಂತಾಗಿ, ಸೈಕಲ್ಲನ್ನೂ ಅಲ್ಲೇ ಬಿಟ್ಟು ಓಡಿದ. ಅಂದಿನಿಂದ ಪೇಪರು ಗೇಟಿನಾಚೆಯಿಂದಲೇ ಹಾರಿ ಬರುತ್ತದೆ.

“ಅವನನ್ನ ನೋಡಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೆ. ಆಮೇಲೆ ಒಂದು ದಿನ ಇದೇ ಟೇಬಲ್ ಮೇಲಿನ ದವಡೆ ನೋಡಿ ನನ್ನ ಎದೆಯೂ ಧಸಕ್ ಅಂತು. ಅವನಾದ್ರೂ ಓಡಿಹೋದ. ನಾನೆಲ್ಲಿಗೆ ಓಡ್ಲಿ? ಆ ದವಡೆ ನಂದೇ,” ಎನ್ನುತ್ತಾರೆ ಹಲ್ಲಣ್ಣ.

ಬೀದಿಯವರು ಇಟ್ಟ ಹೆಸರು ಅದು. ನಲವತ್ತರ ಮಧ್ಯದ ಈ ಮನುಷ್ಯನಿಗೆ ಅದು ಎಷ್ಟು ಅಂಟಿಕೊಂಡಿದೆಯೆಂದರೆ ಸ್ವಂತ ಅತ್ತೆಯೇ ಫೋನಿನಲ್ಲಿ “ಹಲ್ಲಣ್ಣ ಇದ್ದಾನಾ?” ಎಂದು ಕೇಳುತ್ತಾರೆ. ಇವರು ದಂತವೈದ್ಯರಲ್ಲ. ಬಿದ್ದ ಹಲ್ಲಿನ ಜಾಗಕ್ಕೆ ಹಲ್ಲು, ಸವೆದ ಹಲ್ಲಿಗೆ ಕ್ಯಾಪ್, ಬೊಚ್ಚುಬಾಯಿಗೆ ಪೂರಾ ಸೆಟ್ಟು ಮಾಡಿಕೊಡುವವರು. ಸುತ್ತಮುತ್ತಲ ದವಾಖಾನೆಗಳಿಂದ ಅಚ್ಚು ಬರುತ್ತದೆ, ಇಲ್ಲಿಂದ ಹಲ್ಲು ಹೋಗುತ್ತದೆ. ದಿನಕ್ಕೆ ಹತ್ತು ಹನ್ನೆರಡು ಹಲ್ಲು ಅವರ ಕೈಯಿಂದ ದಾಟಿದರೆ ಅದು ಒಳ್ಳೆಯ ದಿನ. ಹಾಕಿಕೊಂಡವರಿಗೆ ಡಾಕ್ಟರ ಮುಖ ಗೊತ್ತು. ಮೆಟ್ಟಿಲ ಕೆಳಗೆ ಒಬ್ಬ ಮನುಷ್ಯ ಬಾಗಿ ಕೂತು, ಆ ಹಲ್ಲಿಗೆ ತೆಳ್ಳಗೆ ಹಳದಿ ಬಳಿದು ಅದು ಅಕ್ಕಪಕ್ಕದ ಹಲ್ಲಿನ ತಮ್ಮನಂತೆ ಕಾಣುವ ಹಾಗೆ ಮಾಡಿದ್ದಾನೆ ಅನ್ನುವುದು ಗೊತ್ತಿಲ್ಲ.

ಈ ಕೈ ಮೊದಲು ಪಿಂಗಾಣಿ ಕಾರ್ಖಾನೆಯಲ್ಲಿತ್ತು. ಕಪ್ಪಿನ ಅಂಚಿಗೆ ಕೈ ನಡುಗದೆ ಒಂದೇ ಎಳೆತಕ್ಕೆ ನೀಲಿ ಗೆರೆ ಎಳೆಯುವ ಕೆಲಸ. ಕಾರ್ಖಾನೆ ಮುಚ್ಚಿದಾಗ ಹಲ್ಲು ಮಾಡುವ ಮುದುಕರೊಬ್ಬರು ಇವರ ಬೆರಳನ್ನು ಹಿಡಿದು ತಿರುಗಿಸಿ ನೋಡಿ, “ಕಪ್ಪಿಗೆ ಬಣ್ಣ ಹಚ್ಚೋನು ಹಲ್ಲಿಗೆ ಹಚ್ಚಲ್ವಾ? ಬಾ,” ಅಂದರಂತೆ. ಇವರು ಕೆಲಸ ಕಲಿತು ತಮ್ಮದೇ ಕೋಣೆ ಮಾಡಿದರು. ಆ ಗುರು ಈಗಿಲ್ಲ. ಅವರು ಕಲಿಸಿದ ಎರಡು ಅಭ್ಯಾಸಗಳು ಉಳಿದಿವೆ. ಈ ಕತೆ ನಿಂತಿರುವುದೇ ಆ ಎರಡರ ಮೇಲೆ.

ಮೊದಲನೆಯದು, ಅಚ್ಚು ತೆಗೆಯುವ ಪುಡಿಯ ಹೊಸ ಚೀಲ ಬಂದಾಗ ಅದನ್ನು ಮೊದಲು ಸ್ವಂತ ಬಾಯಲ್ಲಿ ಪರೀಕ್ಷಿಸುವುದು. ಪುಡಿ ಬೇಗ ಗಟ್ಟಿಯಾಗುತ್ತದೋ, ಹರಿಯುತ್ತದೋ ನೋಡಬೇಕಲ್ಲ. ಹತ್ತಿರ ಸಿಗುವ ಬಾಯಿ ತನ್ನದೇ. ಎರಡನೆಯದು, ಪ್ಲಾಸ್ಟರ್ ದವಡೆ ಕೈಗೆ ಬಂದ ಕೂಡಲೇ ಹಲ್ಲಿನ ಬುಡದ ಸುತ್ತ ಒಸಡಿನ ಭಾಗವನ್ನು ಬ್ಲೇಡಿನಿಂದ ಕೆರೆದುಹಾಕುವುದು. ಹಾಗೆ ಕೆರೆದರೇ ಕ್ಯಾಪ್ ಕೂರಬೇಕಾದ ಗೆರೆ ನಿಚ್ಚಳವಾಗಿ ಕಾಣುವುದು. ಒಸಡು ಈ ಕಸುಬಿಗೆ ಅಡ್ಡ. ಇಷ್ಟು ವರ್ಷಗಳಲ್ಲಿ ಹಲ್ಲಣ್ಣ ಎಷ್ಟು ಒಸಡು ಕೆರೆದಿದ್ದಾರೋ ಲೆಕ್ಕವಿಲ್ಲ. ಅವರ ಉಗುರಿನ ಸಂದಿಯ ಬಿಳಿಪುಡಿ ಅದೇ.

ಬಸ್ಸಿನಲ್ಲಿ ಎದುರಿಗೆ ಯಾರಾದರೂ ನಕ್ಕರೆ ಹಲ್ಲಣ್ಣನ ಕಣ್ಣು ಅಲ್ಲೇ ನೆಡುತ್ತದೆ. “ಅದು ನಂದು. ಮೇಲ್ಗಡೆ ಎಡಕ್ಕಿರೋದು,” ಎಂದು ಪಕ್ಕದಲ್ಲಿರುವ ಹೆಂಡತಿಯ ಕಿವಿಯಲ್ಲಿ ಹೇಳುತ್ತಾರೆ. ಶಾಲೆಯ ಯೂನಿಫಾರ್ಮ್ ಹೊಲಿಯುವ ಆಕೆ, “ರೀ, ಬೇರೆ ಹೆಂಗಸರ ಬಾಯಿ ಹಾಗೆ ದಿಟ್ಟಿಸಬೇಡಿ, ಒದೆ ಬೀಳತ್ತೆ,” ಎಂದು ಮೊಣಕೈಯಿಂದ ತಿವಿಯುತ್ತಾರೆ. ತಮಾಷೆಯಾಗಿದ್ದ ಈ ಮಾತು ಒಂದು ಕಾಲಕ್ಕೆ ತಮಾಷೆಯಾಗಿ ಉಳಿಯಲಿಲ್ಲ.

ಊರಿಗೆಲ್ಲ ಹಲ್ಲು ಕೊಟ್ಟ ಹಲ್ಲಣ್ಣ ಯಾವ ದಂತವೈದ್ಯರ ಕುರ್ಚಿಯ ಮೇಲೂ ಕೂತವರಲ್ಲ. ದವಾಖಾನೆಗಳ ಹಿಂಬಾಗಿಲಿನಿಂದ ಹೋಗಿ ಡಬ್ಬಿ ಕೊಟ್ಟು ಬರುವುದಷ್ಟೇ. ಹಲ್ಲುಜ್ಜಿದಾಗ ಬ್ರಷ್ಷು ಕೆಂಪಾಗುತ್ತಿತ್ತು. ಬ್ರಷ್ಷೇ ಒರಟು ಅಂದುಕೊಂಡು ಬದಲಾಯಿಸಿದರು. ಅದೂ ಕೆಂಪಾಯಿತು. ಜೊತೆಗೆ ಕೆಲಸ ಮಾಡುವ, ದಪ್ಪ ಗಾಜಿನ ಕನ್ನಡಕದ ಸೋಡಾಬುಡ್ಡಿಯನ್ನು ಕೇಳಿದರೆ, “ನಂಗೂ ಬರತ್ತೆ. ಹಲ್ಲಿನ ಕೆಲಸ ಮಾಡೋರಿಗೆ ಹಲ್ಲು ಸ್ವಲ್ಪ ಮುನಿಸ್ಕೊಂಡಿರತ್ತೆ,” ಅಂದ. ಬಾಯಿ ವಾಸನೆ ಬರುತ್ತಿದೆಯೇನೋ ಎಂಬ ಅನುಮಾನಕ್ಕೆ ಹಲ್ಲಣ್ಣ ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳತೊಡಗಿದರು. ಊಟವಾದ ಮೇಲೆ ಗಲ್ಲಿಯ ತುದಿಯಲ್ಲಿ ನಿಂತು ಒಂದು ಸಿಗರೇಟು, ಅದರ ಹಿಂದೆಯೇ ಒಂದು ಪೆಪ್ಪರ್‌ಮಿಂಟು.

ಅದೇ ದಿನಗಳಲ್ಲಿ ಇನ್ನೊಂದು ಸಂಗತಿಯೂ ಶುರುವಾಗಿತ್ತು. ಅದನ್ನು ಹೇಳುವಾಗ ಹಲ್ಲಣ್ಣ ಬಟ್ಟಲನ್ನು ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

“ಗಂಡ ಹೆಂಡ್ತಿ ನಡುವೆ ಏನಿರ್ಬೇಕೋ ಅದು ಆಗ್ದೆ ಹೋಯ್ತು. ಮನಸ್ಸಿಲ್ಲ ಅಂತಲ್ಲ, ಮನಸ್ಸಿತ್ತು. ಮೈ ಮಾತು ಕೇಳ್ತಿರ್ಲಿಲ್ಲ. ಮೊದಲ ಸಲ ಸುಸ್ತು ಅಂದ್ಕೊಂಡೆ. ಆಮೇಲೆ ಹಾಸಿಗೆ ಹತ್ರ ಹೋಗೋಕೇ ಪರೀಕ್ಷೆಗೆ ಹೋದಂಗೆ ಕೈ ತಣ್ಣಗಾಗ್ತಿತ್ತು.”

ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಯಲ್ಲಿ ಇಬ್ಬರೇ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಸುಮ್ಮನಾದರೆ ಇಡೀ ಮನೆ ಸುಮ್ಮನಾಗುತ್ತದೆ. ಹಲ್ಲಣ್ಣ ಗೋಡೆಯ ಕಡೆಗೆ ತಿರುಗಿ ಮಲಗತೊಡಗಿದರು. ಹೆಂಡತಿಯೂ ಆಚೆ ತಿರುಗಿದರು. ಅದನ್ನು ನೋಡಿ ಇವರು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು: ಇವಳಿಗೆ ನನ್ನ ಮೇಲೆ ಅಸಹ್ಯ ಹುಟ್ಟಿದೆ.

ಸೋಡಾಬುಡ್ಡಿಯ ಹತ್ತಿರ ಮೈಯನ್ನೆಲ್ಲ ಹಿಡಿ ಮಾಡಿಕೊಂಡು ಬಾಯಿ ಬಿಟ್ಟದ್ದಕ್ಕೆ ಅವನು ಮರುದಿನವೇ ಒಂದು ಕಂದು ಸೀಸೆ ತಂದುಕೊಟ್ಟ. ಅದರ ಮೇಲೆ ಓಡುವ ಕುದುರೆಯ ಚಿತ್ರವಿತ್ತು. ಒಳಗೆ ಏನಿದೆಯೆಂದು ಎಲ್ಲೂ ಬರೆದಿರಲಿಲ್ಲ. “ಎರಡು ಚಮಚ ತಗೋ ಮಾರಾಯ, ಕುದುರೆ ಆಗ್ತೀಯ,” ಅಂದ. ಹಲ್ಲಣ್ಣ ಕೆಲಸದ ಕೋಣೆಯಲ್ಲೇ ಕುಡಿದರು. ಸ್ವಲ್ಪ ಹೊತ್ತಿಗೆ ಎದೆ ಡಬಡಬ ಹೊಡೆದುಕೊಂಡು, ಕಣ್ಣು ಮಂಜಾಗಿ, ಮೇಣ ಕರಗಿಸುವ ಸ್ಪಿರಿಟ್ ದೀಪವನ್ನು ತಳ್ಳಿಕೊಂಡು ನೆಲಕ್ಕೆ ಕುಸಿದರು. ಟೇಬಲ್ಲಿನ ಅಂಚು ಸುಟ್ಟ ಕಪ್ಪು ಕಲೆ ಈಗಲೂ ಇದೆ. ಸೋಡಾಬುಡ್ಡಿ ಬಕೆಟ್ಟಿನ ನೀರನ್ನು ಬೆಂಕಿಗೂ ಇವರಿಗೂ ಒಟ್ಟಿಗೇ ಹುಯ್ದನಂತೆ. “ಕುದುರೆ ಆಗ್ಲಿಲ್ಲ. ಒದ್ದೆ ಕೋಳಿ ಆದೆ,” ಎಂದು ಹಲ್ಲಣ್ಣ ನಗುತ್ತಾರೆ. ನಗುವಾಗಲೂ ಕೈ ಆ ಕಲೆಯನ್ನು ಸವರುತ್ತಿರುತ್ತದೆ.

ಹೆಂಡತಿಗೆ ಇದೊಂದೂ ಗೊತ್ತಿಲ್ಲ. ಗೊತ್ತಾಗಿದ್ದು ಪೆಪ್ಪರ್‌ಮಿಂಟ್ ಮಾತ್ರ. ಅಂಗಿ ಒಗೆಯುವಾಗ ಜೇಬಿನಿಂದ ಸಿಕ್ಕ ಬಣ್ಣದ ಕಾಗದಗಳನ್ನು ಆಕೆ ಹೊಲಿಗೆ ಯಂತ್ರದ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟರು, ಗುಂಡಿ ಜೋಡಿಸುವ ಹಾಗೆ. ಗಂಡ ಬಂದೊಡನೆ ಕೇಳಿದರು:

“ಮನೇಲಿ ಮುಖ ತಿರುಗಿಸ್ಕೊಂಡು ಮಲಗ್ತೀರಿ. ಬೆಳಕು ಹರಿಯೋಕೆ ಮುಂಚೆ ಎದ್ದು ಹೋಗ್ತೀರಿ. ಯಾರಿಗೋಸ್ಕರ ರೀ ಬಾಯಿ ಘಮಘಮ ಮಾಡ್ಕೊಂಡು ಹೋಗೋದು?”

ತಾನು ಕೆಲಸಕ್ಕೆ ಬಾರದವನೆಂದು ಒಳಗೊಳಗೇ ಸಾಯುತ್ತಿರುವಾಗ, ಹೆಂಡತಿ ತನ್ನನ್ನು ಇನ್ನೊಬ್ಬಳ ಮನೆಗೆ ಕಳಿಸಿಬಿಟ್ಟಿದ್ದಳು! ಹಲ್ಲಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೇಳಿಬಿಡಬಹುದಿತ್ತು. ಹೇಳಲಿಲ್ಲ. “ಇನ್ನೊಬ್ಳು ಇದ್ದಾಳೆ ಅಂತ ಅವಳು ಅಂದ್ಕೊಂಡ್ರೆ ಕಳ್ಳ ಆಗ್ತೀನಿ. ನಿಜ ಹೇಳಿದ್ರೆ ಏನಾಗ್ತೀನಿ? ಆವತ್ತು ನನಗೆ ಕಳ್ಳ ಆಗೋದೇ ಎಷ್ಟೋ ವಾಸಿ ಅನ್ನಿಸ್ತು,” ಎನ್ನುತ್ತಾರೆ. ಗಂಡಸಿನ ಮಾನ ಎಂಬುದು ಎಂಥ ವಿಚಿತ್ರ ಪ್ರಾಣಿ!

ಹೆಂಡತಿ ಕೂಗಾಡಲಿಲ್ಲ. ಬೇರೆ ಊರಿನಲ್ಲಿ ಆಕೆಯ ಅಕ್ಕನದು ಯೂನಿಫಾರ್ಮ್ ಅಂಗಡಿಯಿದೆ. ಬಾ ಬಾ ಎಂದು ಅಕ್ಕ ಕರೆಯುತ್ತಲೇ ಇದ್ದರು. ಆಕೆ ಮಂಚದ ಕೆಳಗಿನಿಂದ ಬ್ಯಾಗು ಎಳೆದು, ಕತ್ತರಿಯನ್ನೂ ಅಳತೆ ಟೇಪನ್ನೂ ಅದರೊಳಗಿಟ್ಟರು. “ಭಾನುವಾರ ಹೊರಡ್ತೀನಿ. ಅಷ್ಟರಲ್ಲಿ ಯಾರು ಅಂತ ಹೇಳಿದ್ರೆ ಹೇಳಿ.” ಕತ್ತರಿ ಒಳಗೆ ಹೋದದ್ದನ್ನು ಹಲ್ಲಣ್ಣ ಕಂಡರು. ಸೀರೆ ಬಿಟ್ಟು ಹೋದವರು ವಾಪಸು ಬರಬಹುದು. ಹೊಲಿಯುವವರು ಕತ್ತರಿ ತೆಗೆದುಕೊಂಡು ಹೊರಟರೆ ಬರುವವರಲ್ಲ.

ಆ ವಾರದ ನಡುವೆ ಪುಡಿಯ ಹೊಸ ಚೀಲ ಬಂತು.

ಯಾವಾಗಿನಂತೆ ಹಲ್ಲಣ್ಣ ಅದನ್ನು ಕಲಸಿ, ದವಡೆಯಾಕಾರದ ಪುಟ್ಟ ತಟ್ಟೆಗೆ ತುಂಬಿ, ತಮ್ಮ ಬಾಯಿಗಿಟ್ಟು ಒತ್ತಿ ಹಿಡಿದರು. ಗಟ್ಟಿಯಾದ ಮೇಲೆ ಎಳೆದಾಗ ಕೆಳಗಿನ ಮುಂದಿನ ಹಲ್ಲೊಂದು ಜೊತೆಗೇ ಬರುತ್ತದೇನೋ ಅನ್ನಿಸಿ ಬೆಚ್ಚಿದರು. ಅಚ್ಚಿನ ತುಂಬ ರಕ್ತ. ತೊಳೆದು, ಪ್ಲಾಸ್ಟರ್ ಹುಯ್ದರು. ದವಡೆ ಹೊರಬಂತು. ಇನ್ನೇನು ಬ್ಲೇಡು ತೆಗೆದುಕೊಂಡು ಒಸಡು ಕೆರೆಯಬೇಕು, ಅಷ್ಟರಲ್ಲಿ ಮೇಲಿನ ಮಹಡಿಯ ಒಸಡಿನ ಡಾಕ್ಟರಮ್ಮ ಮೆಟ್ಟಿಲಿಳಿದು ಬಂದರು. ಹಲ್ಲಿಗಿಂತ ಹಲ್ಲಿನ ಸುತ್ತಲಿನ ಒಸಡು, ಎಲುಬುಗಳ ಚಿಕಿತ್ಸೆಯಲ್ಲೇ ಪರಿಣತಿ ಪಡೆದವರು. ಮಾತು ಜೋರು, ಹೃದಯ ಮೆದು. ಒಂದು ಕ್ಯಾಪ್ ಅವಸರವಾಗಿ ಬೇಕಿತ್ತು. ಕಾಯುತ್ತಾ ನಿಂತವರ ಕಣ್ಣು ಟೇಬಲ್ಲಿನ ಮೇಲೆ ಬಿತ್ತು.

“ಅಯ್ಯೋ, ಇದ್ಯಾರ್ದು?” ದವಡೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. “ಒಸಡು ಎಷ್ಟು ಕೆಳಗಿಳಿದಿದೆ ನೋಡಿ. ಹಲ್ಲಿನ ಬೇರೇ ಕಾಣ್ತಿದೆ. ಪಾಪ, ಎಪ್ಪತ್ತು ದಾಟಿದ ಯಜಮಾನ್ರು ಇರ್ಬೇಕು ಅಲ್ವಾ?”

ಹಲ್ಲಣ್ಣನ ಕೈಯಲ್ಲಿ ಬ್ಲೇಡು ಹಾಗೇ ನಿಂತಿತು. “ಹೌದು ಮೇಡಂ… ಯಜಮಾನ್ರು,” ಅಂದರು.

“ಇವ್ರಿಗೆ ಹಲ್ಲು ಕಟ್ಟೋದು ಆಮೇಲೆ. ಮೊದ್ಲು ಸಕ್ಕರೆ ಕಾಯಿಲೆ, ಬಿ.ಪಿ., ಹೃದಯ ಎಲ್ಲಾ ನೋಡಿಸ್ಕೊಳ್ಳಿ ಅಂತ ಹೇಳಿ. ಒಸಡು ಹೀಗೆ ವರ್ಷಗಟ್ಲೆ ಕೊಳೀತಿದ್ರೆ ಬಾಯಲ್ಲೇ ಕೂತಿರಲ್ಲ ಅದು. ಅಲ್ಲಿನ ಉರಿ, ಕ್ರಿಮಿ ರಕ್ತಕ್ಕೆ ಸೇರಿ ರಕ್ತನಾಳದ ಒಳಗೋಡೆನ ಗಾಸಿ ಮಾಡ್ಬಹುದು. ಮೊದ್ಲು ಸೋಲೋದು ಸಣ್ಣ ನಾಳಗಳು. ಗಂಡಸರಲ್ಲಿ ಹೃದಯದ ನಾಳಕ್ಕಿಂತ ಸಣ್ಣ ನಾಳ ಎಲ್ಲಿರತ್ತೆ ಹೇಳಿ?”

“ಕಿರುಬೆರಳಲ್ಲಾ ಮೇಡಂ?” ಮೂಲೆಯಿಂದ ಸೋಡಾಬುಡ್ಡಿ ಕೇಳಿದ.

“ಅಷ್ಟು ದೂರ ಹೋಗ್ಬೇಡಿ. ಹೊಕ್ಕುಳಿಂದ ಸ್ವಲ್ಪ ಕೆಳಗಿಳೀರಿ ಸಾಕು.”

ಸೋಡಾಬುಡ್ಡಿಯ ಗಂಟಲಿನಲ್ಲಿ ಟೀ ಸಿಕ್ಕಿಕೊಂಡಿತು. ಡಾಕ್ಟರಮ್ಮ ಎಪ್ಪತ್ತು ದಾಟಿದ ಯಾರೋ ಯಜಮಾನರ ಬಗ್ಗೆ ಮಾತಾಡುತ್ತಿದ್ದರಲ್ಲ, ಸಂಕೋಚಕ್ಕೆ ಕಾರಣವೇ ಇರಲಿಲ್ಲ. “ನಗೋದಲ್ಲ. ಒಸಡು ಕೆಟ್ಟ ಗಂಡಸರಲ್ಲಿ ಆ ತೊಂದರೆ ಹೆಚ್ಚು ಅಂತ ಸಾಕಷ್ಟು ಅಧ್ಯಯನಗಳಲ್ಲಿ ಕಂಡಿದೆ. ಒಸಡೇ ಕಾರಣ ಅಂತ ಯಾರೂ ಷರಾ ಬರೆದಿಲ್ಲ. ಸಕ್ಕರೆ ಇರತ್ತೆ, ಸಿಗರೇಟಿರತ್ತೆ, ಚಿಂತೆ ಇರತ್ತೆ, ಎಲ್ಲಾ ಒಂದಕ್ಕೊಂದು ಕೈ ಹಿಡ್ಕೊಂಡಿರತ್ತೆ. ಆದ್ರೆ ಯಾರೂ ಬಾಯಿ ತೆರೆದು ನೋಡಲ್ಲ. ಗೋಡೆ ಮೇಲಿನ ಜಾಹೀರಾತು ನೋಡ್ಕೊಂಡು ಔಷಧಿ ಕುಡೀತಾರೆ. ಈ ಯಜಮಾನ್ರಿಗೆ ಹೆಂಡ್ತಿ ಇದ್ರೆ, ಸಂಸಾರ ಹೇಗಿದೆ ಅಂತಾನೂ ಒಂದು ಮಾತು ಕೇಳಿ.”

ಮೈಮೇಲೆ ಬಿಸಿನೀರು ಹುಯ್ದಂತಾಯಿತು ಎಂದು ಹಲ್ಲಣ್ಣ ಆ ಗಳಿಗೆಯನ್ನು ನೆನೆಯುತ್ತಾರೆ. ಬಾಯಿಗೂ ಅದಕ್ಕೂ ಎಲ್ಲಿಂದೆಲ್ಲಿಯ ನೆಂಟಸ್ತಿಕೆ! ಡಾಕ್ಟರಮ್ಮ ಕ್ಯಾಪ್ ತೆಗೆದುಕೊಂಡು ಅರ್ಧ ಮೆಟ್ಟಿಲು ಹತ್ತಿದ್ದರು. ಇವರ ಬಾಯಿಂದ ಮಾತು ತಾನಾಗಿ ಹೊರಬಿತ್ತು.

“ಮೇಡಂ, ಆ ಯಜಮಾನ ನಾನೇ.”

ಈಗ ಬೆಚ್ಚಿಬೀಳುವ ಸರದಿ ಅವರದಾಯಿತು. ಕಂಬಿ ಹಿಡಿದು ತಿರುಗಿದ ಡಾಕ್ಟರಮ್ಮ ಒಮ್ಮೆ ಹಲ್ಲಣ್ಣನ ಮುಖ, ಒಮ್ಮೆ ಟೇಬಲ್ಲಿನ ದವಡೆ ನೋಡಿದರು. ಹಿಂಬಾಗಿಲಿನಿಂದ ವರ್ಷಗಟ್ಟಲೆ ತಮ್ಮ ದವಾಖಾನೆಗೆ ಬಂದು ಹೋದ ಮನುಷ್ಯ. ಒಮ್ಮೆಯೂ ಬಾಯಿ ತೆರೆಸಿ ನೋಡಿರಲಿಲ್ಲ. “ನನ್ನ ಮೂಗಿನ ಕೆಳಗೇ ಇದ್ರಲ್ರೀ…” ಎಂದವರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

ಅವರು ಹೋದ ಮೇಲೆ ಹಲ್ಲಣ್ಣ ಕಪಾಟು ತೆರೆದರು. ಪ್ರತಿ ಸಲ ಪುಡಿ ಪರೀಕ್ಷಿಸಿದಾಗ ತೆಗೆದ ತಮ್ಮ ದವಡೆಗಳು ಅಲ್ಲಿ ಸಾಲಾಗಿದ್ದವು. ಒಂದೊಂದಾಗಿ ಹೊರತೆಗೆದು ನೋಡುತ್ತಾ ಹೋದರು. ಒಂದರಲ್ಲೂ ಒಸಡಿಲ್ಲ! ತಾವೇ, ತಮ್ಮ ಕೈಯಾರೆ, ನಾಜೂಕಾಗಿ ಕೆರೆದುಹಾಕಿದ್ದರು. ಒಸಡು ಇಳಿಯುತ್ತಿದ್ದದ್ದು ವರ್ಷ ವರ್ಷವೂ ಪ್ಲಾಸ್ಟರಿನಲ್ಲಿ ಮೂಡಿ ಬಂದಿತ್ತು. ಇವರು ವರ್ಷ ವರ್ಷವೂ ಅದನ್ನು ಬ್ಲೇಡಿನಿಂದ ತೆಗೆದು, ಪುಡಿಯನ್ನು ಊದಿ, “ಕ್ಲೀನ್ ಆಯ್ತು” ಅಂದುಕೊಂಡಿದ್ದರು. ಕಪಾಟಿನ ಹಿಂದೆ, ಗುರುಗಳು ಗೇಲಿ ಮಾಡಲೆಂದೇ ಉಳಿಸಿದ್ದ ಮೊಟ್ಟಮೊದಲ ದವಡೆ ಸಿಕ್ಕಿತು. ಕೆರೆಯುವುದನ್ನು ಕಲಿಯುವ ಮೊದಲಿನದು. ಅದರಲ್ಲಿ ಒಸಡು ಇತ್ತು. ತುಂಬಿಕೊಂಡು, ಹಲ್ಲುಗಳನ್ನು ಎದೆಗವಚಿಕೊಂಡಂತೆ ಇತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಾಗ ಹಲ್ಲಣ್ಣ ಆ ಎರಡು ದವಡೆಗಳನ್ನು ಹೊಲಿಗೆ ಯಂತ್ರದ ಮೇಲಿಟ್ಟರು, ಹಳೆಯದು ಮತ್ತು ಮೊನ್ನೆಯದು. ಆಕೆ ಹೌಹಾರಿ ಹಿಂದೆ ಸರಿದರು.

“ಹೊರಡೋ ಹೊತ್ತಲ್ಲಿ ಇದೇನ್ರೀ, ಮನೆ ತುಂಬ ಹಲ್ಲು ತಂದಿಡ್ತಿದ್ದೀರಿ?”

“ಎರಡೂ ನಂದೇ. ಏನಾಗಿದೆ ನೋಡಿ ಹೇಳು.”

ಬಟ್ಟೆ ನೋಡುವ ಕಣ್ಣು ಅದು. ಆಕೆ ಎರಡನ್ನೂ ಪಕ್ಕಪಕ್ಕ ಇಟ್ಟು, ಹೆಬ್ಬೆರಳಿನಿಂದ ಅಂಚು ಸವರಿದರು. “ಇದು ಕುಗ್ಗಿದೆ. ನೀರಿಗೆ ಹಾಕಿದ ಕೋರಾ ಬಟ್ಟೆ ಹಂಗೆ.” ತಲೆ ಎತ್ತಿದರು. “ಯಾಕೆ?”

ಹಲ್ಲಣ್ಣ ಎಲ್ಲವನ್ನೂ ಹೇಳಿದರು. ಬ್ರಷ್ಷಿನ ಕೆಂಪು, ಪೆಪ್ಪರ್‌ಮಿಂಟು, ಕುದುರೆಯ ಸೀಸೆ, ದೀಪ ಮಗುಚಿದ್ದು, ಡಾಕ್ಟರಮ್ಮನ ಮಾತು. ಇನ್ನೊಬ್ಬಳಿಲ್ಲ, ಇಲ್ಲದ್ದು ಇನ್ನೇನೋ ಎಂಬುದನ್ನು ಗೋಡೆ ನೋಡಿಕೊಂಡು ಹೇಳಿದರು. ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಸೀಸೆಯ ಮಾತು ಬಂದಾಗ ಮಾತ್ರ, “ಸತ್ತೋಗಿದ್ರೆ?” ಎಂದು ಕಿರುಚಿದರು. ಆಮೇಲೆ ಆಕೆ ಆಡಿದ್ದು ಇವರು ನಿರೀಕ್ಷಿಸಿದ ಮಾತಲ್ಲ.

“ನಾನು ಆಚೆ ತಿರುಗಿ ಮಲಗ್ತಿದ್ದದ್ದು ನಿಮ್ಮ ಬಾಯಿ ವಾಸನೆಗೆ ರೀ. ಹೇಳಿದ್ರೆ ನೊಂದ್ಕೋತೀರಿ ಅಂತ ಹೇಳ್ಲಿಲ್ಲ.”

“ಅಷ್ಟೇನಾ?”

“ಅಷ್ಟೇ.”

ಇದಕ್ಕಾಗಿ ಒಂದು ಮನೆ ಮುರಿಯುವುದಿತ್ತು. ಹೇಳಿದರೆ ನೋವಾದೀತೆಂದು ಒಬ್ಬರು, ಹೇಳಿದರೆ ಮಾನ ಹೋದೀತೆಂದು ಇನ್ನೊಬ್ಬರು.

ಆದರೆ ಆಕೆ ಅಷ್ಟಕ್ಕೇ ಒಪ್ಪುವವರಲ್ಲ. ಬಾಯಿಗೂ ಸಂಸಾರಕ್ಕೂ ನಂಟು ಅನ್ನುವುದು ಗಂಡಸರು ಕಟ್ಟುವ ಕತೆಯಲ್ಲಿ ಹೊಸ ನಮೂನೆ ಇರಬಹುದಲ್ಲ. ಸೋಮವಾರ ಗಂಡನ ಜೊತೆ ತಾವೂ ಹೊರಟರು. ದವಾಖಾನೆಯ ಬಾಗಿಲಲ್ಲಿ ಡಾಕ್ಟರಮ್ಮನನ್ನು ಕಂಡು ಅವರ ಹುಬ್ಬು ಇನ್ನಷ್ಟು ಮೇಲೇರಿತು. ಹೆಂಗಸು! ಅದೂ ಗಂಡ ದಿನಾ ಹೋಗುವ ಕಟ್ಟಡದಲ್ಲಿ! ನೇರವಾಗಿಯೇ ಕೇಳಿದರು: “ಹಲ್ಲಿಗೂ ಅದಕ್ಕೂ ಏನಮ್ಮಾ ಸಂಬಂಧ? ಇಬ್ರೂ ಸೇರ್ಕೊಂಡು ನನ್ನನ್ನ ಯಾಮಾರಿಸ್ತಿಲ್ಲ ತಾನೇ?”

ಡಾಕ್ಟರಮ್ಮ ನಗು ತಡೆದುಕೊಂಡು ಒಂದು ಸ್ಟೂಲು ಎಳೆದು ಕುರ್ಚಿಯ ಪಕ್ಕಕ್ಕೇ ಹಾಕಿದರು. “ಇಲ್ಲೇ ಕೂತು ನೀವೇ ನೋಡಿ.” ಆಕೆ ನೋಡಿದರು. ಒಸಡಿನ ಸಂದಿಗೆ ಸಣ್ಣ ಕಡ್ಡಿ ಇಳಿಸಿದಾಗ ಅದು ಎಷ್ಟು ಆಳಕ್ಕೆ ಹೋಯಿತೆಂದು ನೋಡಿದರು. ಹಲ್ಲಿನ ಬೇರಿಗಂಟಿದ ಕರಿ ಗಾರೆ ಚೂರುಚೂರಾಗಿ ಬಂದದ್ದನ್ನು, ಹತ್ತಿ ಕೆಂಪಾದದ್ದನ್ನು, ಇಷ್ಟು ವರ್ಷ ಊರಿನ ಬಾಯಿ ನೋಡಿದ ಗಂಡ ತನ್ನ ಬಾಯನ್ನು ತೆರೆದು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿದರು. “ಇದನ್ನ ಇಟ್ಕೊಂಡು ಊಟ ಮಾಡ್ತಿದ್ರಾ?” ಎಂದವರ ದನಿ ಸಣ್ಣಗಾಗಿತ್ತು. ಆ ದಿನ ಗಂಡನ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದರು. ಮೆಟ್ಟಿಲ ಕೆಳಗೆ ಸೋಡಾಬುಡ್ಡಿ ಎದುರಾದಾಗ, “ನಿಮ್ಮ ಕುದುರೆ ಎಲ್ಲಿ ಕಟ್ಟಿದ್ದೀರಿ? ತೋರಿಸಿ, ಮೇವು ಹಾಕ್ತೀನಿ,” ಅಂದರು. ಅವನು ಕನ್ನಡಕ ಒರೆಸುವ ನೆಪದಲ್ಲಿ ಒಳಗೆ ಓಡಿದ.

ಆಮೇಲಿನದು ನಿಧಾನದ ಕೆಲಸ. ಒಸಡಿನ ಆಳದ ಶುಚಿ ಹಲವು ಸಲ ನಡೆಯಿತು. ಡಾಕ್ಟರಮ್ಮ ಕಳಿಸಿದ ದೊಡ್ಡ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗೆರೆ ದಾಟಿ ನಿಂತಿರುವುದು ತಿಳಿಯಿತು. ಅದೂ ಒಂದು ಆಘಾತವೇ. “ಕೆಳಗಿನ ತೊಂದರೆ ನಿಮಗೆ ಎಚ್ಚರಿಕೆ ಗಂಟೆ ಬಾರಿಸಿದೆ. ಹೃದಯ ಬಾರಿಸೋಕೆ ಮುಂಚೆ ಬಂದ್ರಿ,” ಅಂದರು ಅವರು. ಸಿಗರೇಟು ನಿಂತಿತು. ಗಲ್ಲಿಯ ತುದಿಯಲ್ಲಿ ಊಟದ ನಂತರ ಈಗಲೂ ಕಾಲು ತಾನಾಗಿ ನಿಲ್ಲುತ್ತದೆ, ಜೇಬಿಗೆ ಕೈ ಹೋಗುತ್ತದೆ, ಖಾಲಿ ಬರುತ್ತದೆ. ಅಲ್ಲಾಡುತ್ತಿದ್ದ ಹಲ್ಲನ್ನು ಅಕ್ಕಪಕ್ಕದವಕ್ಕೆ ತೆಳ್ಳನೆಯ ತಂತಿಯಿಂದ ಕಟ್ಟಿದ್ದಾರೆ. ಉಳಿಯುತ್ತದೋ ಇಲ್ಲವೋ ಎಂದು ಯಾರೂ ಮಾತು ಕೊಟ್ಟಿಲ್ಲ.

ಮತ್ತೆ ಅದು? ಕೇಳುವವರಿಗೇ ನಾಚಿಕೆ, ಹಲ್ಲಣ್ಣನಿಗಿಲ್ಲ. “ಹಳೇ ಕಾಲದ ಹಾಗೆ ಆಯ್ತು ಅಂತ ಸುಳ್ಳು ಹೇಳಲ್ಲ. ಆದ್ರೆ ಹೋದದ್ದು ವಾಪಸ್ ಬರೋ ದಾರೀಲಿದೆ. ಒಸಡಿಂದ ಬಂತೋ, ಸಿಗರೇಟು ಬಿಟ್ಟಿದ್ರಿಂದ ಬಂತೋ, ಇವಳು ಈ ಕಡೆ ತಿರುಗಿದ್ರಿಂದ ಬಂತೋ, ಅದನ್ನ ಡಾಕ್ಟ್ರೂ ಹೇಳಲ್ಲ, ನಾನೂ ಹೇಳಲ್ಲ. ಇದನ್ನೆಲ್ಲ ಯಾಕೆ ಬಾಯಿ ಬಿಟ್ಟು ಹೇಳ್ತಿದ್ದೀನಿ ಅಂದ್ರೆ, ಬಾಯಿ ಮುಚ್ಕೊಂಡಿದ್ದಕ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು.” ಕುದುರೆ ಸೀಸೆಯ ಸೋಡಾಬುಡ್ಡಿಯೂ ಈಗ ಮೇಲಿನ ಮಹಡಿಯ ಕುರ್ಚಿ ಹತ್ತಿ ಬಂದಿದ್ದಾನೆ. ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ, “ನನ್ನೊಳಗೆ ಇಷ್ಟು ಸುಣ್ಣ ಇತ್ತಾ? ಒಂದು ಗೋಡೆ ಬಳೀಬಹುದಿತ್ತು,” ಅಂದ.

ಈ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಕೋಣೆಗೆ ಪುಡಿಯ ಮತ್ತೊಂದು ಹೊಸ ಚೀಲ ಬಂದಿದೆ. ನೂಲು ತರಲು ಅಂಗಡಿಗೆ ಹೋಗುವ ದಾರಿಯಲ್ಲಿ ಹೆಂಡತಿಯೂ ಇಣುಕಿದ್ದಾರೆ. ಕುತ್ತಿಗೆಯಲ್ಲಿ ಅಳತೆ ಟೇಪು ತೂಗುತ್ತಿದೆ. ಮನೆಯಲ್ಲಿ ಆ ಬ್ಯಾಗು ಚಿಂದಿ ಬಟ್ಟೆ ತುಂಬಿಕೊಂಡು ಅಟ್ಟ ಸೇರಿದೆ. ಹಲ್ಲಣ್ಣ ಪುಡಿ ಕಲಸಿ, ತಟ್ಟೆಗೆ ತುಂಬಿ, ಬಾಯಿಗಿಟ್ಟು ಒತ್ತಿ ಹಿಡಿಯುತ್ತಾರೆ. ಮಾತಾಡಲಾಗದ ಗಂಡನ ಮುಂದೆ ಆಕೆ ಮನೆಗೆ ಬೇಕಾದ ಸಾಮಾನೆಲ್ಲ ಹೇಳಿ ಮುಗಿಸುತ್ತಾರೆ. “ಹೂಂ ಅನ್ನಿ. ಇಲ್ಲ ಅನ್ನೋಕೆ ಆಗಲ್ಲ ಅಂತಾನೇ ಈಗ ಹೇಳ್ತಿರೋದು.”

ತಟ್ಟೆ ಹೊರಬರುತ್ತದೆ. ಇಬ್ಬರ ತಲೆಯೂ ಅದರ ಮೇಲೆ ಬಾಗುತ್ತದೆ. ಅಚ್ಚು ಬಿಳಿಯಾಗಿಯೇ ಇದೆ. ಒಂದು ಮೂಲೆಯಲ್ಲಿ ಮಾತ್ರ ಸೂಜಿಮೊನೆಯಷ್ಟು ಕೆಂಪು. ಆಕೆ ಅದನ್ನು ಉಗುರಿನಿಂದ ತೋರಿಸುತ್ತಾರೆ. ಹಲ್ಲಣ್ಣ ತಲೆಯಾಡಿಸುತ್ತಾರೆ, ಸಂಜೆ ಮೇಲೆ ಹೋಗಿ ತೋರಿಸುತ್ತೇನೆಂದು.

ದವಡೆ ಗಟ್ಟಿಯಾಗಿ ಕೈಗೆ ಬಂದಾಗ ಅಭ್ಯಾಸಬಲದಿಂದ ಬಲಗೈ ಬ್ಲೇಡಿನ ಕಡೆ ಹೋಗುತ್ತದೆ. “ಕೆರೀಬೇಡಿ,” ಎನ್ನುತ್ತಾರೆ ಹೆಂಡತಿ, ಬಾಗಿಲಿನಿಂದಲೇ. ಕೈ ಹಿಂದಕ್ಕೆ ಬರುತ್ತದೆ. ಹಲ್ಲಣ್ಣ ದವಡೆಯನ್ನು ಒಸಡಿನ ಸಮೇತ ಕಪಾಟಿನಲ್ಲಿ, ಗುರುಗಳು ಉಳಿಸಿದ್ದ ಹಳೆಯದರ ಪಕ್ಕ ಇಡುತ್ತಾರೆ.

ಇನ್ನು ಬದುಕಿನಲ್ಲಿ ಏನು ಬೇಕು ಎಂದು ಕೇಳಿದರೆ ಅವರು ತಂತಿ ಕಟ್ಟಿದ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಳ್ಳುತ್ತಾರೆ.

“ನಾನು ಮಾಡಿದ ಹಲ್ಲು ಊರ ತುಂಬ ನಗ್ತಿವೆ. ಒಂದೂ ನನ್ನ ಬಾಯಿಗೆ ಬರದೇ ಇರ್ಲಿ. ಅಷ್ಟು ಸಾಕು.”